ನಲವತ್ತು ಎಣಿಸುವ ತನಕ

ಪೇಪೋ ಬೆರಾಹಾನ ಹತ್ತಿರ ಉಳಿದಿದ್ದದ್ದು ಎರಡೇ ಗಾಜಿನ ಫಲಕ. ಬಣ್ಣದ ಫೋಟೋ ಮೂಡುವ ಈ ಫಲಕಗಳು ಫ್ರಾನ್ಸಿನಿಂದ ಬರಬೇಕು. ಮುಂದಿನ ಪೆಟ್ಟಿಗೆ ಸಲೋನಿಕಾ ಮುಟ್ಟುವಷ್ಟರಲ್ಲಿ ಅವನ ಅಜ್ಜಿ, ನೋನಾ ಬಿಯೆನ್ವೆನಿದಾ, ಊರಲ್ಲಿ ಇರುವುದಿಲ್ಲ. ಪವಿತ್ರ ನೆಲದಲ್ಲಿ ಮಣ್ಣಾಗಬೇಕೆಂದು, ಸಾಯುವುದಕ್ಕೆಂದೇ ಜೆರುಸಲೇಮಿಗೆ ಹೊರಟಿದ್ದಳು. ಈ ಊರಿನ ಯೆಹೂದಿ ಮುದುಕಿಯರಿಗೆ ಇದೊಂದು ಹುಚ್ಚು. ಮೊಮ್ಮಕ್ಕಳ ಮದುವೆ ಮುಗಿದದ್ದೇ ತಡ, ಗಂಟುಮೂಟೆ ಕಟ್ಟಿಬಿಡುತ್ತಾರೆ. ಎಂಟು ದಿನಗಳ ಪೇಸಾಹ್ ಹಬ್ಬ ಮುಗಿದ ಮರುದಿನವೇ ಹಡಗು.

ಹೋಗುವ ಮುನ್ನ ಅವಳ ಮುಖವನ್ನು ಬಣ್ಣದಲ್ಲಿ ಹಿಡಿದಿಟ್ಟುಕೊಳ್ಳಬೇಕು, ಅದೂ ಹಳೇ ಕಾಲದ ಹೆಂಗಸರು ತಲೆಗೆ ಕಟ್ಟಿ, ಮುತ್ತು ಹೊಲಿದ ತುದಿಯನ್ನು ಬಾಲದಂತೆ ಬೆನ್ನಿಗೆ ಇಳಿಬಿಡುವ ಆ ಹಸಿರು ರೇಷ್ಮೆಯ ಜೊತೆಗೆ. ಪೇಪೋಗೆ ಬೇಕಿದ್ದದ್ದು ಅಷ್ಟೇ. ಬೀದಿಯ ಬೇರೆ ಹೆಂಗಸರೆಲ್ಲ ಪ್ಯಾರಿಸ್ಸಿನ ಹ್ಯಾಟಿಗೆ ಹಾರಿದ್ದರು. ಅಜ್ಜಿ ಆ ರೇಷ್ಮೆ ತೊಡುತ್ತಿದ್ದದ್ದು ಶಬ್ಬತ್ ದಿನ, ಯಾವ ಕೆಲಸವನ್ನೂ ಮಾಡಬಾರದ ಶನಿವಾರ. ಶಬ್ಬತ್ ದಿನ ಕ್ಯಾಮರಾ ಮುಟ್ಟುವಂತಿಲ್ಲ. ಕೆಲಸದ ದಿನ ತೊಡು ಎಂದರೆ ನಾನೇನು ನಾಟಕದವಳೇ ಎನ್ನುತ್ತಿದ್ದಳು. ಚಳಿಗಾಲವಿಡೀ ಗೋಗರೆದು ಅವನ ಗಂಟಲು ಒಣಗಿತು. ಕೊನೆಗೆ ಪೇಸಾಹ್ ಹಬ್ಬದ ನಡುವಿನ ದಿನಗಳಲ್ಲಿ, ಒಳ್ಳೆಯ ಬಟ್ಟೆಯೂ ಸೈ, ಅಷ್ಟಿಷ್ಟು ಕೆಲಸವೂ ಸೈ ಎನ್ನುವ ದಿನಗಳಲ್ಲಿ, ಒಪ್ಪಿದಳು.

"ಈ ಗಾಜಿಗೆ ಏನೋ ಹಿಟ್ಟು ಬಳಿದಿದಾರಂತಲ್ಲೋ?"

"ಆಲೂಗಡ್ಡೆ ಹಿಟ್ಟು, ನೋನಾ. ಗೋಧಿಯಲ್ಲ. ನೀನೇನು ಅದನ್ನ ತಿಂತೀಯಾ?"

"ಈ ಹಬ್ಬದಲ್ಲಿ ಗೋಧಿ ಹಿಟ್ಟು ಮನೆಯೊಳಗಿದ್ರೇನೇ ತಪ್ಪು ಕಣೋ, ಪೆದ್ದಾ!"

ಅಂಗಳದಲ್ಲಿ ಕುರ್ಚಿ ಹಾಕಿದ. ರೇಷ್ಮೆಯ ಮುತ್ತಿನ ಬಾಲವನ್ನು ಬೆನ್ನಿನಿಂದ ಹೆಗಲ ಮುಂದಕ್ಕೆ ಎಳೆದಿಟ್ಟ. ನಲವತ್ತು ಎಣಿಸುವ ತನಕ ಅಲುಗಾಡಬೇಡ ಎಂದು ಹತ್ತು ಸಲ ಹೇಳಿದ. ಇಪ್ಪತ್ತಾರಕ್ಕೆ ಬಂದಿದ್ದ, ಪಕ್ಕದ ಮನೆಯ ಸುನ್ಹುಲಾ ಹಬ್ಬದ ಕಜ್ಜಾಯದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

"ಅಬ್ಬಾ! ಮದುಮಗಳ ಹಾಗೆ ಕಾಣ್ತಿದೀಯಲ್ಲೇ!"

ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಸಲೋನಿಕಾದ ಯಾವ ಅಜ್ಜಿಯೂ ಸುಮ್ಮನೆ ಕೂರಲಾರಳು. ದೃಷ್ಟಿ ತಾಗದಿರಲೆಂದು "ಬೆಳ್ಳುಳ್ಳಿ! ಲವಂಗ!" ಎಂದು ಕೂಗಿ, ಅತ್ತ ತಿರುಗಿ, ಮೂರು ಸಲ ಥೂ ಥೂ ಎಂದಳು. ಫಲಕ ಹಾಳಾಯಿತು.

"ದೃಷ್ಟಿ ಬಿದ್ರೆ ಬೀಳಲಿ, ಕೂತಿರಬಾರ್ದಿತ್ತಾ?" ಪೇಪೋ ಕೂದಲು ಕಿತ್ತುಕೊಂಡ.

"ಹಡಗು ಹತ್ತೋಳಿಗೆ ದೃಷ್ಟಿ ತಗುಲಿದ್ರೆ ನಿನ್ನ ಗಾಜು ಬಂದು ಕಾಪಾಡತ್ತಾ?"

ಸುನ್ಹುಲಾಳನ್ನು ಹೊರಗಟ್ಟಿ ಬಾಗಿಲಿಗೆ ಅಗುಳಿ ಜಡಿದ. ಕೊನೆಯ ಫಲಕ ಹಾಕಿದ. ಮೋಡವೊಂದು ಬಿಸಿಲಿನತ್ತ ಸರಿಯುತ್ತಿತ್ತು. ಅವನ ಕಣ್ಣೆಲ್ಲ ಮೋಡದ ಮೇಲೆ, ಕೈಗಡಿಯಾರದ ಮೇಲೆ. ಮೂವತ್ತೊಂಬತ್ತು, ನಲವತ್ತು. ಯಾರೂ ಬರಲಿಲ್ಲ, ಯಾರೂ ಹೊಗಳಲಿಲ್ಲ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಸಂಜೆ, ತೊಳೆದು ಒಣಗಿಸಿದ ಫಲಕವನ್ನು ಕಿಟಕಿಗೆ ಹಿಡಿದ. ಹಸಿರು ಆಗ ತಾನೆ ಕಿತ್ತ ಎಲೆಯಂತಿತ್ತು. ಹೆಗಲ ಮೇಲಿನ ಮುತ್ತುಗಳನ್ನು ಎಣಿಸಬಹುದಿತ್ತು. ಮುಖದ ಜಾಗದಲ್ಲಿ ಮಾತ್ರ ಒರೆಸಿಹೋದ ಒಂದು ಮಸುಕು.

"ನೋನಾ, ಏನು ಮಾಡಿದೆ ನೀನು?"

"ದೃಷ್ಟಿ ತೆಗೆಯೋ ಪ್ರಾರ್ಥನೆ ಹೇಳ್ಕೋತಿದ್ದೆ, ಬಾಯೊಳಗೇ. ತಲೆ ಒಂಚೂರು ಆಡಿರಬೇಕು."

"ಬಾಗಿಲು ಹಾಕಿರಲಿಲ್ವಾ? ಯಾರ ದೃಷ್ಟಿ?"

"ನಿಂದೇ ಕಣೋ. ನಿನ್ನಷ್ಟು ಆಸೆಯಿಂದ ನನ್ನ ಇನ್ಯಾರು ನೋಡ್ತಾರೆ?"

ಪೇಪೋಗೆ ಅಳುವುದೋ ಅರಚುವುದೋ ತಿಳಿಯಲಿಲ್ಲ; ಅರಚಿದ. "ನಲವತ್ತು! ಬರೀ ನಲವತ್ತು ಎಣಿಸೋ ತನಕ ಬಾಯಿ ಮುಚ್ಕೊಂಡಿರೋಕಾಗ್ಲಿಲ್ಲ ನಿನಗೆ!"

ಅಜ್ಜಿ ಫಲಕ ಇಸಿದುಕೊಂಡು ನಿಧಾನವಾಗಿ ನೋಡಿದಳು. "ರೇಷ್ಮೆ ಚೆನ್ನಾಗಿ ಬಂದಿದೆ. ಮುಖ ಹೇಗೂ ನಿನಗೆ ಗೊತ್ತಲ್ಲ."

ಉಳಿದ ದಿನಗಳೆಲ್ಲ ಅವನು ಮುಖ ಗಂಟಿಕ್ಕಿಕೊಂಡೇ ಕಳೆದ. ಬಂದರಿನಲ್ಲಿಯೂ ಕೋಪ ಇಳಿದಿರಲಿಲ್ಲ. ತಲೆ ತಗ್ಗಿಸಿಕೊಂಡೇ ಅವಳ ಕೈಗೆ ಮುತ್ತಿಟ್ಟು, ತಲೆ ತಗ್ಗಿಸಿಕೊಂಡೇ ಹಿಂದಿರುಗಿದ.

ಎರಡು ತಿಂಗಳಿಗೆ ಫ್ರಾನ್ಸಿನ ಪೆಟ್ಟಿಗೆ ಬಂತು, ಅದರ ತುಂಬ ಹೊಸ ಫಲಕಗಳು. ಅದನ್ನು ಬಿಚ್ಚದೆ ಪೇಪೋ ಹಳೆಯದನ್ನೇ ಕಿಟಕಿಗೆ ಹಿಡಿದು ಕೂತಿದ್ದ. ಅಜ್ಜಿಯ ಕೆನ್ನೆಯ ಮೇಲೊಂದು ಮಚ್ಚೆ ಇತ್ತು. ಎಡಗೆನ್ನೆಯೋ ಬಲಗೆನ್ನೆಯೋ, ಎಷ್ಟು ಹೊತ್ತು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.