ಮಾರ್ಲಾಮಿಯ ದಿನ ಶಿಬಿರ

“ಹೋದ ವರ್ಷ ಶಿಬಿರಕ್ಕೆ ಬತ್ತೀವಿ ಅಂದೋರೆಲ್ಲ ಎಲ್ಲೋದ್ರು?”

ಸಿದ್ದರಾಜು ಗೋಡೆಯ ಕ್ಯಾಲೆಂಡರಿನತ್ತ ತಿರುಗಿ ಕೇಳಿದ. ಯಾರಿಂದಲೂ ಉತ್ತರ ಬೇಕೆಂದು ಕೇಳಿದ್ದಲ್ಲ. ಅವನಿಗೆ ಮಂಡ್ಯದ ಬ್ಯಾಂಕಿನಲ್ಲಿ ಕೆಲಸ. ಬಿಡುವಿನಲ್ಲಿ ಕಾಲೇಜು ಹುಡುಗರ ಪ್ರಾರ್ಥನಾ ಕೂಟದ ಹೊಣೆ. ವರ್ಷದ ಕಾರ್ಯಕ್ರಮ ಗೊತ್ತು ಮಾಡಲು ಮದ್ದೂರಿನ ಮರಿತಾಯಮ್ಮನ ಮನೆಗೆ ಬಂದಿದ್ದ. ಮಂಡ್ಯದವರಿಗೂ ಮಳವಳ್ಳಿಯವರಿಗೂ ಬಸ್ಸಿಗೆ ಅನುಕೂಲವಾದ ಮನೆ ಅದು.

ಎದುರಿಗೆ ಚಾಪೆಯ ಮೇಲೆ ಪೂರಿಗಾಲಿಯ ಶೋಭಿತಾ ಕೂತಿದ್ದಳು. ಮಳವಳ್ಳಿ ಕಾಲೇಜಿನಲ್ಲಿ ಅವಳಿಗಿದು ಕೊನೆಯ ವರ್ಷ. ಮನೆಯಲ್ಲಿ ಕ್ರಿಸ್ತನನ್ನು ನಂಬಿದವಳು ಅವಳೊಬ್ಬಳೇ. ಎರಡು ವರ್ಷವೂ ಶಿಬಿರ ತಪ್ಪಿಹೋಗಿತ್ತು; ಈ ಸಲವೂ ತಪ್ಪಿದರೆ ಇನ್ನು ಆ ಭಾಗ್ಯವಿಲ್ಲ.

“ಆಗಸ್ಟಿಗೆ ಹೊಸಬರ ಸ್ವಾಗತ,” ಸಿದ್ದರಾಜು ಹೇಳುತ್ತ ಹೋದ. “ಡಿಸೆಂಬರಿಗೆ ಹಾಸ್ಟೆಲಿನಲ್ಲಿ ಕ್ರಿಸ್ಮಸ್ ಹಾಡು. ಪರೀಕ್ಷೆ ಹೊತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಪ್ರಾರ್ಥನೆ. ಇನ್ನು ಶಿಬಿರ, ಅಕ್ಟೋಬರಿಗೆ. ನೋಡಿಲ್ಲಿ, ಶನಿವಾರ ಕೆಂಪು, ಭಾನುವಾರ ಕೆಂಪು. ದೇವರೇ ಕೊಟ್ಟ ರಜ!”

ಶೋಭಿತಾ ಬಾಯಿವರೆಗೆ ತಂದ ಟೀ ಲೋಟವನ್ನು ಕೆಳಗಿಟ್ಟಳು.

“ಅಣ್ಣ, ಆ ಶನಿವಾರ ಯಾತಕ್ಕೆ ರಜ, ಗೊತ್ತಾ?”

“ಸರ್ಕಾರ ಕೊಡ್ತದೆ, ನಾವು ತಗತೀವಿ.”

“ಮಾರ್ಲಾಮಿ ಅಣ್ಣ, ಪಿತೃಪಕ್ಷದ ಅಮಾಸೆ. ಹೋದ ವರ್ಷಾನೂ ಮಾರ್ಲಾಮಿಗೇ ಇಟ್ಟಿದ್ರಿ. ಅದರ ಹಿಂದಿನ ವರ್ಷಾನೂ.”

ಚರ್ಚಿನ ಕಾಂಪೌಂಡಿನಲ್ಲೇ ಹುಟ್ಟಿ ಬೆಳೆದವನು ಸಿದ್ದರಾಜು. ಆ ಕ್ಯಾಲೆಂಡರನ್ನು ಅಚ್ಚು ಹಾಕಿಸಿದ್ದೂ ಸಭೆಯವರೇ. ಕೆಂಪು ಅಂಕಿಯ ಕೆಳಗೆ ಬೈಬಲಿನ ವಚನವಿತ್ತೇ ಹೊರತು ಯಾವ ಹಬ್ಬದ ರಜೆಯೆಂದು ಬರೆದಿರಲಿಲ್ಲ.

ಅಡುಗೆಮನೆಯಿಂದ ಮರಿತಾಯಮ್ಮ ನಗುತ್ತಲೇ ಬಂದಳು. “ಅಯ್ಯೋ ನಿನ್ನ! ಸತ್ತೋರ್ಗೆ ಎಡೆ ಇಕ್ಕೋ ದಿನ ಬದುಕಿರೋರ್ನ ಶಿಬಿರಕ್ಕೆ ಕರೆದ್ಯಲ್ಲೋ! ಹೋದ ವರ್ಷ ನೀನು ತಾರೀಕು ಹೇಳ್ದೆ, ನಾನು ಶಿಬಿರದ ಅಡುಗೆಗೆ ಒಲೆ ಹಚ್ದೆ. ಆ ಅನ್ನಾನೆಲ್ಲ ಬೀದಿ ಮಕ್ಕಳು ಉಂಡ್ಕಂಡೋದೊ.”

ಸಿದ್ದರಾಜುವಿಗೂ ನಗು ಬಂತು. ಆದರೂ ಬಿಡಲಿಲ್ಲ. “ನಮ್ಮೋರು ಎಡೆ ಮುಂದೆ ನಿಲ್ಲಲ್ಲವಲ್ಲಮ್ಮ, ಶೋಭಿತಾ?”

“ನಿಲ್ಲಲ್ಲ ಅಣ್ಣ. ಆಗ ಜಗಲಿ ಮೇಲೆ ಕೂತು ಪ್ರಾರ್ಥನೆ ಮಾಡ್ತೀನಿ. ಆಮೇಲೆ ಬಂದ ನೆಂಟ್ರಿಗೆಲ್ಲ ನಾನೇ ಬಡಿಸ್ತೀನಿ. ಆವತ್ತು ನಾನು ಮನೇಲಿಲ್ದೆ ಹೋದ್ರೆ, ಭಾನುವಾರ ಚರ್ಚಿಗೆ ಹೋಗ್ತೀನಿ ಅಂದಾಗ ನಮ್ಮಜ್ಜಿ ಕಳಿಸ್ತಾಳಾ?”

ಅವಳು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ.

ಸಿದ್ದರಾಜು ತಲೆ ಕೆರೆದುಕೊಂಡ. “ಸರಿ ಕಣಮ್ಮ. ಆದ್ರೆ ಬೋಧನೆಗೆ ಕೊತ್ತತ್ತಿ ಮರಿಸಿದ್ದಯ್ಯನೋರು ಒಪ್ಪವ್ರೆ. ಅವರು ಬತ್ತೀನಿ ಅಂದಮೇಲೆ ನಾನೆಂಗೆ ಬರಬೇಡಿ ಅನ್ಲಿ? ಅವರೇ ಬೇರೆ ದಿನ ಅಂದ್ರೆ ಬದಲಾಯಿಸೋಣ.”

“ಬರಬೇಡಿ ಅನ್ಬೇಡ. ಯಾವ ದಿನ ಅಂತ ಹೇಳ್ಬುಟ್ಟು, ಇನ್ನೊಂದ್ಸಲ ಕರಿ,” ಎಂದಳು ಮರಿತಾಯಮ್ಮ.

ಸಿದ್ದರಾಜು ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಶೋಭಿತಾ ಕಣ್ಣು ಮುಚ್ಚಿದಳು. ತುಟಿ ಮಾತ್ರ ಅಲುಗುತ್ತಿತ್ತು.

“ಅಯ್ಯನೋರೆ, ಶಿಬಿರ ಮಾರ್ಲಾಮಿ ದಿನಾನೇ ಬಿದ್ದದೆ. ತಾವು ದಯವಿಟ್ಟು ಬರಬೇಕು.”

“ಮಾರ್ಲಾಮಿ ದಿನವಾ?” ಆಚೆಯ ದನಿ ಕೋಣೆ ತುಂಬಿತು. “ಲೋ, ತಾರೀಕು ಹೇಳ್ದೆ, ಮಾರ್ಲಾಮಿ ಅಂದ್ಯಾ? ನಾನು ದೀಕ್ಷಾಸ್ನಾನ ತಗಂಡಾಗ ಮಾತು ಬುಟ್ಟಿದ್ದ ನಮ್ಮಣ್ಣ ಈ ಸಲ ಊಟಕ್ಕೆ ಕರೆದವ್ನೆ ಕಣಪ್ಪ!”

ಶೋಭಿತಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನಗು ಆಗಲೇ ಕಣ್ಣಿಗೆ ಬಂದಿತ್ತು.

“ಹಂಗಾದ್ರೆ ಊಟ ಮುಗಿಸ್ಕಂಡು, ಒಂದು ಗಂಟೆ ಬಂದೋಗಿ ಅಯ್ಯನೋರೆ...”

“ಒಂದು ಗಳಿಗೇನೂ ಬರಾಕಿಲ್ಲ. ದಸರಾ ಕಳುದ್ಮೇಲೆ ಇಟ್ಕೊ, ಎರಡು ದಿನ ನಿಮ್ಜೊತೇಲೆ ಇರ್ತೀನಿ. ಆವತ್ತು ಮಾತ್ರ ಬರಾಕಿಲ್ಲ ಅಂದ್ರೆ ಬರಾಕಿಲ್ಲ!”