ನಾಲ್ಕು ಮಾರು ನೀರು

ನನ್ನ ತಮ್ಮ ಲಗಮಣ್ಣ ಲಡಾಯಿಗೆ ಹೋಗಿ ನಾಲ್ಕು ವರ್ಷ ಇದ್ದು ಬಂದವನು. ಬೇರೆಯವರು ಪದಕ ತಂದರು, ಗಡಿಯಾರ ತಂದರು. ನಮ್ಮವನು ಮೀನು ಹಿಡಿಯುವ ಹುಚ್ಚು ತಂದ. ಅಲ್ಲಿ ಯಾವುದೋ ದೊಡ್ಡ ಕೆರೆಯಲ್ಲಿ ಅವನ ಸಾಹೇಬ ದೋಣಿಯ ಹಿಂದೆ ಮೂರು ಹುರಿ ಎಳೆದುಕೊಂಡು ಹೋಗುತ್ತಿದ್ದನಂತೆ. ಒಂದು ಮೇಲೆ, ಒಂದು ನಡುವೆ, ಒಂದು ತಳದ ಹತ್ತಿರ. ಪ್ರತಿ ಹುರಿಯ ತುದಿಗೂ ಗಾಳ ಸಿಕ್ಕಿಸಿದ ಒಂದು ತಗಡಿನ ಮೀನು. ಎಳೆದಂತೆ ಅದು ಹೊರಳಾಡಿ ಮಿಂಚುತ್ತದೆ, ನಿಜವಾದ ಮೀನು ಮರುಳಾಗಿ ಬಾಯಿ ಹಾಕುತ್ತದೆ. ಕುರಿ ಕಾಯುವ ನಮ್ಮ ಮನೆತನಕ್ಕೆ ಕೆರೆ ಎಂದರೆ ಕುರಿ ಮೈ ತೊಳೆಯುವ ಜಾಗ, ಅಷ್ಟೇ. ನಾನು ಬಾಯಿಗೆ ಬಂದಂತೆ ಬೈದೆ. ಅವನು ನಕ್ಕು ಒಡೆದ ಹಿತ್ತಾಳೆ ತಂಬಿಗೆಯನ್ನು ಕತ್ತರಿಸುತ್ತ ಕೂತ.

ಉಮದಿ ಕಡೆಯ ನಮ್ಮ ಹಳ್ಳಿಯಲ್ಲಿ ದೋಣಿ ಎಲ್ಲಿಂದ ಬರಬೇಕು? ಬಾವಿಯ ಕೆಳಗೆ ಒಂದಿಷ್ಟು ಕಬ್ಬು ಹಾಕುತ್ತಿದ್ದ ಬಸಗೊಂಡಪ್ಪನವರು ಬೆಲ್ಲ ಕಾಸುವ ಹಳೆಯ ಕೊಪ್ಪರಿಗೆಯೊಂದನ್ನು ಕೊಟ್ಟರು. ಶಿವಭಕ್ತರು ಅವರು, ಮೀನು ಮುಟ್ಟಿದ ಪಾತ್ರೆಯನ್ನು ಮತ್ತೆ ನಮ್ಮ ಮನೆಗೆ ತರಬೇಡ ಎಂದು ಮೊದಲೇ ಹೇಳಿಬಿಟ್ಟರು. ಅದರ ತೂತಿಗೆ ಡಾಂಬರು ಮೆತ್ತಿ ಲಗಮಣ್ಣ ನೀರಿಗಿಳಿಸಿದ. ಹೇಳಿದರೆ ನಂಬಬೇಕು, ಮೀನು ಬಂದವು. ಉಮದಿ ಸಂತೆಯಲ್ಲಿ ನಮ್ಮ ಬುಟ್ಟಿಗೆ ಜನ ಕಾಯುವಂತಾಯಿತು.

ರಾಜರ ಸಂಸ್ಥಾನ ಹೋಗಿ ಐದು ವರ್ಷವಾಗಿದ್ದ ಆ ಬೇಸಿಗೆಯಲ್ಲಿ ಬಾವಿ ತೋಡುವ ಕೆಲಸಕ್ಕೆ ಹೋದ ಲಗಮಣ್ಣ, ಬಂಡೆ ಒಡೆಯಲು ಹಾಕಿದ ಸುರಂಗದ ಮದ್ದು ಹೊತ್ತಿಗೆ ಮುಂಚೆ ಸಿಡಿದು, ಎರಡೂ ಕಣ್ಣು ಕಳೆದುಕೊಂಡ. ಎಡ ಭುಜವೂ ಕೂಡಿಬರಲಿಲ್ಲ, ತೋಳನ್ನು ಪೂರ್ತಿ ಚಾಚಲು ಆಗದು. ಅವನಿಗೆ ಇಪ್ಪತ್ತೊಂಬತ್ತು. ಹೆಂಡತಿ ಸಂಗವ್ವನಿಗೆ ಇಪ್ಪತ್ತೆರಡು. ಮಕ್ಕಳಿರಲಿಲ್ಲ.

ಸುದ್ದಿ ತಿಳಿದು ಅವಳ ಅಪ್ಪ ಅಮೋಗಸಿದ್ದ ಬಾಲಗಾಂವದಿಂದ ಬಂದ. ಕಂಬಳಿಯ ಮೇಲೆ ಕೂತ. ಕೆಟ್ಟ ಮನುಷ್ಯನಲ್ಲ ಅವನು, ಸುಳ್ಳು ಹೇಳಬಾರದು.

"ಲಗಮಣ್ಣಾ, ಸಿಟ್ಟಿಗೇಳಬ್ಯಾಡ. ಮಗಳ ಮುಂದ ಇನ್ನೂ ಭಾಳ ಆಯುಷ್ಯ ಅದ. ಸೋಡಚೀಟಿ ಕೊಟ್ರ ಕರಕೊಂಡ ಹೋಗ್ತೀನಿ. ನಮ್ಮೊಳಗ ಉಡಿಕಿ ನಡೀತದ."

ಸೋಡಚೀಟಿ ಎಂದರೆ ಹೆಂಡತಿಯನ್ನು ಬಿಟ್ಟೆ ಎಂದು ಹೆಬ್ಬೆಟ್ಟು ಒತ್ತಿದ ಕಾಗದ. ಅದು ಸಿಕ್ಕರೆ ಹೆಣ್ಣು ಇನ್ನೊಬ್ಬನೊಡನೆ ಉಡಿಕಿ ಎಂಬ ಮರುಮದುವೆ ಆಗಬಹುದು. ನನಗೆ ರಕ್ತ ತಲೆಗೇರಿತು. ನಾನು ಬಾಯಿ ತೆರೆಯುವ ಮೊದಲೇ ಲಗಮಣ್ಣ ಅಂದ:

"ಎಂಟು ದಿನ ಕೊಡ್ರಿ ಮಾಮಾ. ಮೀನಿಗೆ ಕಣ್ಣಿಲೆ ಏನ್ ಕೆಲಸ? ಹುರಿ ಕೈಯಾಗ ಇರ್ತದ. ಎಂಟು ದಿನದಾಗ ಸಂತಿಗೆ ಒಯ್ಯುವಂಥಾ ಒಂದು ಮೀನ ಹಿಡೀಲಿಲ್ಲಂದ್ರ ನಾನ ಹೆಬ್ಬೆಟ್ಟ ಒತ್ತತೀನಿ."

ಅಮೋಗಸಿದ್ದ ಒಪ್ಪಿ ಹೋದ.

ಹಳೆಯ ಹುರಿ ಕೊಳೆತಿತ್ತು. ಪುಂಡಿ ನಾರಿನಿಂದ ಹೊಸದನ್ನು ಹೊಸೆದವಳು ನಾನು, ಇನ್ನೊಂದು ತುದಿ ಹಿಡಿದು ಕೂತವಳು ಸಂಗವ್ವ. "ಒಂದಕ್ಕ ಒಂದು ಮಾರು, ಒಂದಕ್ಕ ಎರಡು, ಒಂದಕ್ಕ ನಾಲ್ಕು. ಮಾರಿಗೊಂದು ಗಂಟು ಹಾಕಕ್ಕಾ," ಎಂದ ಲಗಮಣ್ಣ. ಬೇಸಿಗೆಯಲ್ಲಿ ದೊಡ್ಡ ಬಾಳೆ ಮೀನು ತಂಪು ಹುಡುಕಿ ತಳದ ಹಳ್ಳದಲ್ಲಿ ಮಲಗಿರುತ್ತದೆ, ಅದು ನಾಲ್ಕು ಮಾರು ಆಳ ಎಂದು ಅವನಿಗೆ ಗೊತ್ತಿತ್ತು. ನಾನು ಎರಡೂ ತೋಳು ಚಾಚಿ ಅಳೆದೆ, ಗಂಟು ಹಾಕಿದೆ. ಈ ಮನೆಯಲ್ಲಿ ಬಾವಿಯ ಹಗ್ಗ, ಕರುವಿನ ಕಣ್ಣಿ, ಎಲ್ಲ ಅಳೆಯುವವಳು ನಾನೇ.

ಎಂಟು ದಿನ ನಸುಕಿನಲ್ಲೇ ಹೋದೆವು. ಅವನು ಕೊಪ್ಪರಿಗೆಯ ನಡುವೆ ಕೂತು ಮೇಲಿನ ಹುರಿಯನ್ನು ಎಡಗೈಯಲ್ಲಿ, ನಡುವಿನದನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಕಲ್ಲು ಕಟ್ಟಿದ ಆಳದ ಹುರಿಯನ್ನು ಬಲಗೈಯಲ್ಲಿ ಹಿಡಿಯುತ್ತಿದ್ದ. ಗಂಟು ಎಣಿಸಿ ಬಿಡುತ್ತಿದ್ದ. ನಾನು ಹುಟ್ಟು ಹಾಕುತ್ತಿದ್ದೆ, ನಿಧಾನ, ಅವನು ಹೇಳಿದಂತೆ ಎಡಕ್ಕೆ, ಬಲಕ್ಕೆ. ಎಡಗೈಗೆ ಬೆರಳುದ್ದದ ಮೀನು ಬಂದವು, ಬೆಕ್ಕಿಗೂ ಸಾಲದಂಥವು. ಕಾಲಿಗೆ ಎರಡು ಬಂದು ತಪ್ಪಿಸಿಕೊಂಡವು. ಬಲಗೈಗೆ ಏನೂ ಇಲ್ಲ. ಎಂಟನೆಯ ದಿನ ದಂಡೆಗೆ ಬಂದ ಮೇಲೆ, "ಕೆರಿ ನನ್ನ ಗುರ್ತಾ ಮರತದ ಅಕ್ಕಾ," ಎಂದ.

ಮಾರನೆಯ ದಿನ ಹಿರಿಯರ ಮುಂದೆ ಹೆಬ್ಬೆಟ್ಟು ಒತ್ತಿದ. ಸಂಗವ್ವ ಸೆರಗು ಮುಖದ ಮೇಲೆಳೆದುಕೊಂಡು ಅಪ್ಪನ ಗಾಡಿ ಹತ್ತಿದಳು.

ಗಾಡಿ ಹೋದ ಮೇಲೆ ಆ ಹುರಿಗಳನ್ನು ಕಂಡರೇ ನನಗೆ ಸಿಟ್ಟು. ಸುತ್ತಿ ಮೂಲೆಗೆ ಒಗೆಯೋಣವೆಂದು ಗೂಟದ ಹತ್ತಿರ ಹೋದೆ. ಕೊಳೆತ ಹಳೆಯ ಹುರಿ ಅಲ್ಲೇ ನೇತಾಡುತ್ತಿತ್ತು. ಎರಡೂ ಪಕ್ಕ ಪಕ್ಕ ಕೈಗೆ ಬಂದವು. ಹಳೆಯದರ ಗಂಟು ಒಂದು ಕಡೆ, ಹೊಸದರ ಗಂಟು ಒಂದು ಕಡೆ. ನಾಲ್ಕನೆಯ ಗಂಟಿಗೆ ಬರುವಷ್ಟರಲ್ಲಿ ನನ್ನ ಹುರಿ ಆಳುದ್ದ ಕಡಿಮೆ ಬಿದ್ದಿತ್ತು. ಲಗಮಣ್ಣ ಬಾಗಿಲಿಗೆ ತಲೆ ತಗಲುವ ಆಳು, ನಾನು ಅವನ ಎದೆಗೂ ಬಾರದವಳು. ಅವನು ನಾಲ್ಕು ಮಾರು ಎಂದದ್ದು ತನ್ನ ಮಾರು, ನಾನು ಹಾಕಿದ್ದು ನನ್ನದು. ಎಂಟು ದಿನವೂ ತಗಡಿನ ಮೀನು ಬಾಳೆ ಮೀನಿನ ತಲೆಯ ಮೇಲಿಂದಲೇ ಹೋಗಿತ್ತು.

ಮುಚ್ಚಿಡುವುದು ನನಗೆ ಬರುವುದಿಲ್ಲ. ಹೋಗಿ ಹೇಳಿದೆ. ಅವನು ಬೈಯಲಿಲ್ಲ. "ಇನ್ನೊಂದು ಮಾರು ಕಟ್ಟು, ನಡಿ," ಎಂದ.

ಅಂದು ಸಂಜೆಯ ಬಿಸಿಲಿನಲ್ಲಿ ಮೂರನೆಯ ಸುತ್ತಿಗೆ ಅವನ ಬಲಗೈ ಥಟ್ಟನೆ ಮುಂದೆ ಹೋಯಿತು. ಕೊಪ್ಪರಿಗೆ ಗರಗರ ತಿರುಗಿತು. ನಾನು ಅವನ ಸೊಂಟ ಹಿಡಿದುಕೊಂಡೆ. ಕುರಿಮರಿಯಷ್ಟು ದೊಡ್ಡ ಬಾಳೆ ಮೀನು. ಅದರ ಮೈಮೇಲೆ ಕೈಯಾಡಿಸುತ್ತ ನನ್ನ ತಮ್ಮ ನಕ್ಕ, ಆಮೇಲೆ ಅತ್ತ.

"ನಾಳಿ ನಸುಕಿನ್ಯಾಗ ಒಯ್ಯಿ. ಮಾಮಾಗ ತೋರಸು. ತಪ್ಪು ಮಾರಿಂದು, ಮನಶಾಂದಲ್ಲ ಅಂತ ಹೇಳು. ಉಡಿಕಿ ಏನ್ ಇಷ್ಟ ಲಗೂನ ಆಗೂದಿಲ್ಲ."

ಒದ್ದೆ ಗೋಣಿಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬಾಲಗಾಂವಕ್ಕೆ ನಡೆದೆ. ಊರಿನಲ್ಲಿ ಯಾರ ಮುಂದೆಯೂ ತಗ್ಗದವಳು ಅಮೋಗಸಿದ್ದನ ಅಂಗಳದಲ್ಲಿ ನಿಂತು, ತಪ್ಪು ನನ್ನದು ಎಂದು ಎಲ್ಲ ಹೇಳಿದೆ. ಅವನು ಮೀನನ್ನು ನೋಡಿದ, ನನ್ನನ್ನು ನೋಡಿದ.

"ಕುಂಡ್ರವ್ವ, ನೀರ ಕುಡಿ. ಎಂಟು ದಿನ ಮುಗದಾವ ಖರೆ. ಆದ್ರ ಇದು ಮೋಸ ಅಲ್ಲ. ಮಗಳು ಬರ್ತೀನಂದ್ರ ಕರಕೊಂಡ ಹೋಗು. ಆ ಚೀಟಿ ಹರದ ಒಗೀತೀನಿ."

ನನಗೆ ಹೋದ ಜೀವ ಬಂದಂತಾಯಿತು. ಸಂಗವ್ವ ನನ್ನ ಕೈ ಹಿಡಿದು ಹಿತ್ತಲಿನ ಕುರಿ ಹಟ್ಟಿಯ ಹತ್ತಿರ ಕರೆದೊಯ್ದಳು. ಅಳುತ್ತಿರಲಿಲ್ಲ.

"ಅಕ್ಕಾ, ನಿಮ್ಮ ಮಾರು ಗಿಡ್ಡ ಅಂತ ನನಗ ಮೊದಲನೇ ದಿನಾನ ಗೊತ್ತಿತ್ತರಿ. ಹಳೇ ಹುರಿನ ಅವರು ತೋಳ ಚಾಚಿ ಅಳೀವಾಗ ತುದಿ ಹಿಡೀತಿದ್ದಾಕಿ ನಾನ ಅಲ್ಲೇನ್ರಿ?"

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಮೀನ ಸಿಕ್ಕಿದ್ರ ನಾ ಹೋಗಾಕ ಆಗ್ತಿದ್ದಿಲ್ಲರಿ."

ನನ್ನ ಕೈ ಮೇಲೆದ್ದಿತು. ಅವಳು ಹಿಂದೆ ಸರಿಯಲಿಲ್ಲ, ಕಣ್ಣು ಮುಚ್ಚಿಕೊಂಡಳು ಅಷ್ಟೇ. "ನನಗ ಅಂಜಿಕಿ ಆಗ್ತದರಿ ಅಕ್ಕಾ. ಆ ಮನ್ಯಾಗ ನಾ ಮುದುಕಿ ಆಗೂತನಾ ಹ್ಯಾಂಗ ಇರ್ಲಿ?" ಎಂದಳು.

ಹತ್ತೊಂಬತ್ತಕ್ಕೆ ಗಂಡ ಸತ್ತವಳು ನಾನು. ನನ್ನನ್ನೂ ಒಬ್ಬರು ಉಡಿಕಿಗೆ ಕೇಳಿದ್ದರು. ಅಪ್ಪ ಬೇಡವೆಂದ, ನಾನು ತಲೆ ತಗ್ಗಿಸಿದೆ. ಇವಳಿಗಿದ್ದ ಎದೆ ನನಗಿರಲಿಲ್ಲ. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಬಂತು. ಎತ್ತಿದ ಕೈಯನ್ನು ಅವಳ ತಲೆಯ ಮೇಲಿಟ್ಟು ಬಂದೆ. ಮೀನನ್ನು ಅಲ್ಲೇ ಬಿಟ್ಟೆ.

ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಲಗಮಣ್ಣ ಕಟ್ಟೆಯ ಮೇಲೆ ಕೂತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ನನ್ನ ಹೆಜ್ಜೆಯ ಸದ್ದು ಒಂದೇ ಎಂದು ಅವನಿಗೆ ತಿಳಿಯಿತು.

"ಏನಂದ್ರು?"

"ಎಂಟು ದಿನ ಅಂದ್ರ ಎಂಟ ದಿನ ಅಂದ, ನಿಮ್ಮ ಮಾಮಾ. ಎಷ್ಟ ಬೇಡಿಕೊಂಡ್ರೂ ಕೇಳಲಿಲ್ಲ."

"ಸಂಗಿ?"

"ಅತ್ಲಪ್ಪಾ. ಬರ್ತೀನಿ ಅಂತ ಗಾಡಿ ದಾರಿತನಾ ಓಡಿ ಬಂದ್ಲು. ಎಳಕೊಂಡ ಹೋದ್ರು."

ಅವನು ಬಾಚಿದ ಕೂದಲನ್ನು ಅಂಗೈಯಿಂದ ಕೆದರಿದ.

"ಹಂಗಾದ್ರ ನನ್ನ ಮನಿ ಮುರದಾಕಿ ನೀನ ಅಕ್ಕಾ."

"ಹೌದಪ್ಪಾ," ಎಂದೆ.

ಆ ಮಳೆಗಾಲ ಪೂರ್ತಿ ಅವನು ನನ್ನೊಡನೆ ಮಾತಾಡಲಿಲ್ಲ. ಕೊಪ್ಪರಿಗೆಯಲ್ಲಿ ಕೂತಾಗ ಮಾತ್ರ ಎಡಕ್ಕೆ, ಬಲಕ್ಕೆ ಎನ್ನುತ್ತಿದ್ದ, ನಾನು ಹಾಗೇ ಹುಟ್ಟು ಹಾಕುತ್ತಿದ್ದೆ. ಮೀನು ಬೇಕಾದಷ್ಟು ಸಿಕ್ಕವು.