ಬಟ್ಟೆ ತಂತಿ ಯಾಕೆ ಜುಮ್ಮೆನ್ನುತ್ತದೆ?

ಹಿತ್ತಲಲ್ಲಿ ದೀಪವಿಲ್ಲದೆ ಬಚ್ಚಲಿಗೆ ಹೋಗುವಾಗ ಎಡವದವರು ಯಾರಿದ್ದಾರೆ ಹೇಳಿ? ನಮ್ಮ ಬೀದಿಯ ಟೈಲರ್ ಮನೆಯಲ್ಲೂ ಅದೇ ಪಾಡು. ತಾಯಿ ಜಾರಿ ಬಿದ್ದ ಮೇಲೆ ಅವನು ತಾನೇ ಏಣಿ ಹತ್ತಿದ. ಹೊಲಿಗೆ ಮಿಷನ್ನಿನ ಮೋಟಾರನ್ನೇ ಬಿಚ್ಚಿ ಜೋಡಿಸುವವನಿಗೆ ಒಂದು ಬಲ್ಬ್ ಯಾವ ಲೆಕ್ಕ? ಸೂರಿನ ಕೆಳಗೆ ಕಬ್ಬಿಣದ ಪಟ್ಟಿ ಹೊಡೆದು, ಹೋಲ್ಡರ್ ಕೂರಿಸಿ, ಮನೆಯೊಳಗಿಂದ ವೈರ್ ಎಳೆದು, ಜಾಯಿಂಟಿಗೆ ಟೇಪ್ ಸುತ್ತಿದ. ದೀಪ ಹತ್ತಿತು. ಪಟ್ಟಿ ಗಟ್ಟಿಯಾಗಿದೆಯಲ್ಲ ಎಂದು ಬಟ್ಟೆ ಒಣಹಾಕುವ ತಂತಿಯನ್ನೂ ಅದಕ್ಕೇ ಕಟ್ಟಿದ.

ಮಳೆ ಬಂದು ಹೋದ ಮರುದಿನ ತಂತಿ ಮುಟ್ಟಿದ ಹೆಂಡತಿಗೆ ಕೈ ಜುಮ್ಮೆಂದಿತು. ಗಂಡ ಬಂದು ಮುಟ್ಟಿ ನೋಡಿದ, ಏನೂ ಇಲ್ಲ. ಸ್ವಿಚ್ಚೂ ಆಫ್ ಆಗಿದೆ. ಇನ್ನೊಮ್ಮೆ ಮುಟ್ಟು ಎಂದ. ಅವಳು ಮುಟ್ಟಿದಳು, ಮತ್ತೆ ಜುಮ್ಮೆಂದಿತು. ಅವನು ಮುಟ್ಟಿದ, ಮತ್ತೆ ಏನೂ ಇಲ್ಲ. ಬಟ್ಟೆ ಹಿಂಡಿ ಕೈ ಜೋಮು ಹಿಡಿದಿದೆ ಎಂದು ಅವನು, ರಕ್ತ ಕಡಿಮೆಯಾಗಿದೆ ಎಂದು ಅತ್ತೆ. ಒಂದೇ ತಂತಿ ಒಬ್ಬರನ್ನು ಕಚ್ಚಿ ಇನ್ನೊಬ್ಬರನ್ನು ಬಿಡುವುದುಂಟೇ? ಪಾಪ, ಕೊನೆಗೆ ಅವಳಿಗೇ ತನ್ನ ಮೇಲೆ ಅನುಮಾನ ಬಂತು.

ಅಷ್ಟರಲ್ಲಿ ರವಿಕೆಯ ಅಳತೆ ಕೊಡಲು ಟೈಲರನ ಅಕ್ಕ ಬಂದಳು. ಅವಳು ವೈರಿಂಗ್ ಕಲಿತು, ಹೊಸ ಕಟ್ಟಡಗಳಲ್ಲಿ ಅದೇ ಕೆಲಸ ಮಾಡುವವಳು. ತಮ್ಮನ ಹೆಂಡತಿಯ ಮಾತು ಕೇಳಿ ನಗಲಿಲ್ಲ. ಯಾರೂ ಹತ್ತಿರ ಹೋಗಬೇಡಿ ಎಂದು, ಟೆಸ್ಟರ್ ತೆಗೆದು ತಂತಿಗೆ ತಾಗಿಸಿದಳು. ಟೆಸ್ಟರ್ ಕೆಂಪಗೆ ಹೊಳೆಯಿತು. ಸೀದಾ ಹೋಗಿ ಮೇನ್ ಆಫ್ ಮಾಡಿದಳು.

"ನಿನ್ನ ಕಾಲಲ್ಲಿ ಏನಿದೆ?" ಎಂದು ತಮ್ಮನನ್ನು ಕೇಳಿದಳು.

"ರಬ್ಬರ್ ಚಪ್ಪಲಿ."

"ಅವಳ ಕಾಲಲ್ಲಿ?"

ಹೆಂಡತಿ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದಳು.

"ಸ್ವಿಚ್ ಆಫ್ ಇದ್ರೂ ಹೇಗಕ್ಕಾ?"

"ಸ್ವಿಚ್ಚನ್ನ ಕರೆಂಟು ತರೋ ಫೇಸಿಗೆ ಕೊಡೋ ಬದಲು ವಾಪಸ್ ಒಯ್ಯೋ ನ್ಯೂಟ್ರಲ್ಲಿಗೆ ಕೊಟ್ಟಿದ್ದೀಯ ಕಣೋ. ದೀಪ ಆರುತ್ತೆ, ಕರೆಂಟು ಮಾತ್ರ ಹೋಲ್ಡರ್ ತನಕ ಬಂದು ಕೂತೇ ಇರುತ್ತೆ. ಟೇಪಿನೊಳಗೆ ನೀರು ಇಳಿದು ಆ ಕರೆಂಟು ಪಟ್ಟಿಗೆ ಬಂದಿದೆ, ಪಟ್ಟಿಯಿಂದ ತಂತಿಗೆ."

ಅವನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಇನ್ನೊಮ್ಮೆ ಮುಟ್ಟು ಎಂದವನು ತಾನೇ ಎಂಬುದು ಮಾತ್ರ ಪೂರ್ತಿ ಅರ್ಥವಾಗಿ, ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಕ್ಕ ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿದಳು. ಸ್ವಿಚ್ಚನ್ನು ಫೇಸಿಗೆ ಕೊಟ್ಟಳು. ವೈರ್ ಪೈಪಿನೊಳಗೆ ಹೋಯಿತು, ಜಾಯಿಂಟು ನೀರು ನುಗ್ಗದ ಡಬ್ಬಿಯೊಳಗೆ. ಪಟ್ಟಿಗೆ ಅರ್ಥಿಂಗ್ ಬಂತು. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚನ್ನೂ ಮೇನ್ ಬೋರ್ಡಿನಲ್ಲಿ ಹಾಕಿಸಿದಳು. ಬಟ್ಟೆಗೆ ದೂರದಲ್ಲಿ ಬೇರೆ ಕಂಬ, ತಂತಿಯ ಬದಲು ನೈಲಾನ್ ಹಗ್ಗ.

ಮೊನ್ನೆ ಹೆಂಡತಿ, ಮಿಕ್ಸಿ ಯಾಕೋ ಕೈಗೆ ಚುರ್ ಅನ್ನುತ್ತೆ ರೀ ಎಂದಳಂತೆ. ಟೈಲರ್ ನೇರವಾಗಿ ಹೋಗಿ ಮೇನ್ ಆಫ್ ಮಾಡಿದ.

ನೀವೂ ಅಷ್ಟೇ ಮಾಡಿ. ಮನೆಯಲ್ಲಿ ಯಾರಾದರೂ ಜುಮ್ಮೆಂದಿತು ಎಂದರೆ ಮುಟ್ಟಿ ಪರೀಕ್ಷೆ ಮಾಡಬೇಡಿ, ಅವರನ್ನು ನಂಬಿ. ಹೊರಗಿನ ದೀಪದ ವೈರಿಂಗನ್ನು ಕೆಲಸ ಕಲಿತವರ ಕೈಗೇ ಕೊಡಿ. ಈಗಲೇ ಎದ್ದು ಹಿತ್ತಲಿಗೆ ಹೋಗಿ, ಏನನ್ನೂ ಮುಟ್ಟದೆ ಒಮ್ಮೆ ನೋಡಿ: ನಿಮ್ಮ ಬಟ್ಟೆ ತಂತಿಯನ್ನು ಯಾವುದಕ್ಕೆ ಕಟ್ಟಿದ್ದೀರಿ?